ಮೊದಲು ಹಳೆಯ ತೂತು ತುಂಬಬೇಕಂತೆ

"ಈ ಸಲ ಲಿಗಮೆಂಟ್ ಹಾಕಲ್ಲ. ಮೊದಲು ಹಳೆಯ ತೂತು ತುಂಬೋಣ."

ಮೊನ್ನೆ ಡಾಕ್ಟರ್ ಹೇಳಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ. ತಂಗಿಯ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಲಿಗಮೆಂಟ್ ಹರಿದಾಗ ಆಪರೇಷನ್ ಮಾಡಿ ಹೊಸದು ಹಾಕಿದ್ದರು. ಅದೇ ಮಂಡಿ ಮತ್ತೆ ಜಾರುತ್ತಿದೆ. ಅದಕ್ಕೀಗ ಇನ್ನೆರಡು ಆಪರೇಷನ್ ಅಂದರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ? ತಂಗಿಯ ಮುಖ ಸಣ್ಣದಾಯಿತು.

"ಒಂದೇ ಸಲಕ್ಕೆ ಮುಗಿಸೋಕಾಗಲ್ವಾ?" ಅಂದರು ಮಾವ. ಅವರಿಗೆ ಎಲ್ಲವೂ ಬೇಗ ಆಗಬೇಕು. ಡಾಕ್ಟರ್ ಮಾತ್ರ ಸಿಡುಕಲಿಲ್ಲ. ಸಿ.ಟಿ. ಸ್ಕ್ಯಾನ್ ತೆರೆದು ತೋರಿಸಿದರು. ತೊಡೆಮೂಳೆಯೊಳಗೆ, ಕಳೆದ ಸಲ ಲಿಗಮೆಂಟ್ ಕೂರಿಸಲು ಕೊರೆದ ಹಳೆಯ ಸುರಂಗ ಕಪ್ಪಗೆ, ಬಾಯಿ ತೆರೆದಂತೆ ಕಾಣುತ್ತಿತ್ತು. ಕೊರೆದಾಗ 8 ಮಿ.ಮೀ. ಇದ್ದದ್ದು ಈಗ 15ರ ಹತ್ತಿರ. ಸಾಲದ್ದಕ್ಕೆ, ಇರಬೇಕಾದ ಜಾಗಕ್ಕಿಂತ ಮುಂದಕ್ಕಿದೆ. ಹಾಗಿದ್ದರೆ ಮಂಡಿ ಮಡಚಿದಾಗೆಲ್ಲ ಗ್ರಾಫ್ಟ್, ಅಂದರೆ ಲಿಗಮೆಂಟ್ ಬದಲು ಹಾಕಿದ ಸ್ನಾಯುರಜ್ಜು, ಬಿಗಿದು ಎಳೆಯುತ್ತದೆ, ಬರಬರುತ್ತಾ ಸಡಿಲವಾಗುತ್ತದೆ. ಈಗ ಪಕ್ಕದಲ್ಲೇ ಹೊಸದು ಕೊರೆದರೆ ಎರಡೂ ಒಂದಾಗಿ, ಗ್ರಾಫ್ಟ್‌ಗೆ ಹಿಡಿತವೇ ಸಿಗುವುದಿಲ್ಲ. ಅದಕ್ಕೇ ಮೂಳೆ ತುಂಬಿ, 4ರಿಂದ 6 ತಿಂಗಳು ಕಾದು, ಗಟ್ಟಿಯಾಗಿದೆಯೇ ನೋಡಿ ಆಮೇಲೆ ಲಿಗಮೆಂಟ್. ಸುರಂಗ ಸರಿಯಿದ್ದವರಿಗೆ ಒಂದೇ ಸಲಕ್ಕೆ ಮುಗಿಯುತ್ತದೆ, ಅಂಥವರೇ ಜಾಸ್ತಿ. ಇವಳದ್ದು ಹಾಗಿಲ್ಲ.

ಆ ಡಾಕ್ಟರ್ ನನಗೆ ತುಂಬಾ ಹಿಡಿಸಿದರು. ಹೇಗೆ ಸರಿ ಮಾಡೋಣ ಅನ್ನುವುದಕ್ಕೆ ಮೊದಲು ಯಾಕೆ ಹೋಯಿತು ಅಂತ ಹುಡುಕಿದರು. ಮಂಡಿಯ ಕೆಳಗಿನ ಮೂಳೆಯ ಮೇಲ್ತುದಿಯ ಇಳಿಜಾರನ್ನೂ ಅಳೆದರು. ಅದು 12 ಡಿಗ್ರಿ ದಾಟಿದರೆ ಗ್ರಾಫ್ಟ್ ಮೇಲೆ ಭಾರ ಹೆಚ್ಚು, ಕೆಲವರಿಗೆ ಮೂಳೆಯನ್ನೇ ಕತ್ತರಿಸಿ ಸರಿಮಾಡಬೇಕಾಗುತ್ತದೆ. ಇವಳಿಗೆ ಅದು ಬೇಡವಂತೆ. ಮಂಡಿಯೊಳಗಿನ ಮೆತ್ತೆಯಂಥ ಮಿನಿಸ್ಕಸ್ ಹರಿದಿದೆಯಾ, ಮಂಡಿಯ ಹೊರಬದಿ ಸಡಿಲವಿದೆಯಾ ಅಂತಲೂ ನೋಡಿದರು. ಕಾಯಿಲೆ ಇರಲಿ, ಮನೆಯ ಜಗಳವಿರಲಿ, ಕೆಟ್ಟದ್ದು ಯಾಕೆ ಕೆಟ್ಟಿತು ಅಂತ ಕೂತು ನೋಡುವ ತಾಳ್ಮೆ ಎಷ್ಟು ಜನಕ್ಕಿದೆ?

ಗ್ರಾಫ್ಟ್‌ಗೆ ಕಳೆದ ಸಲ ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದಿದ್ದರು. ಈ ಸಲ ಮಂಡಿಚಿಪ್ಪಿನ ಕೆಳಗಿನದನ್ನು ಎರಡು ತುದಿಗಳ ಮೂಳೆ ಚೂರಿನ ಸಮೇತ ತೆಗೆಯುತ್ತಾರೆ. "ದಾನಿಯದ್ದು ಸಿಗುತ್ತಲ್ವಾ, ನೋವು ಕಡಿಮೆ" ಅಂದರು ಮಾವ. ಆದರೆ ಅಮೆರಿಕದ ಮಾರ್ಸ್ ಅನ್ನುವ ಸಂಶೋಧಕರ ಗುಂಪು ಇಂಥ ಮರು ಆಪರೇಷನ್ ಆದ 1,200ಕ್ಕೂ ಹೆಚ್ಚು ಜನರನ್ನು ಗಮನಿಸಿ 2014ರಲ್ಲಿ ಬರೆದಿದೆ: ದಾನಿಯದ್ದು ಹಾಕಿದವರಿಗಿಂತ ಸ್ವಂತದ್ದು ಹಾಕಿದವರಲ್ಲಿ 2 ವರ್ಷದೊಳಗೆ ಮತ್ತೆ ಹರಿಯುವ ಸಾಧ್ಯತೆ ತುಂಬಾ ಕಡಿಮೆ. ತಂಗಿ ಸ್ವಂತದ್ದನ್ನೇ ಆರಿಸಿಕೊಂಡಳು.

ಕೊನೆಗೆ ಕೇಳಿದಳು, "ಮತ್ತೆ ಆಡಬಹುದಾ?"

"ಎರಡನೇ ಆಪರೇಷನ್ ಆಗಿ 9 ತಿಂಗಳಾದರೂ ಕಳೀಲಿ. ತೊಡೆಯ ಬಲ ಅಳೆದು ಆಮೇಲೆ ಹೇಳ್ತೀನಿ."

ಅವಳಿಗೆ ಸಿಟ್ಟು ಬಂತು. ನನಗೆ ಅವರ ಮೇಲಿನ ನಂಬಿಕೆ ಇನ್ನೂ ಗಟ್ಟಿಯಾಯಿತು.