ಹತ್ತೊಂಬತ್ತನೇ ದಿನದ ಬೆಲ್ಲದ ಕಾಫಿ

ಇವತ್ತು ಶುಕ್ರವಾರ, ಮಡಿಕೇರಿ ಸಂತೆ. ಬೆಳಗ್ಗಿನಿಂದ ಬಿಡದ ಮಳೆ. ಒದ್ದೆಯಾಗಿ ದೊಡ್ಡಮ್ಮನ ಮನೆ ಸೇರಿದೆ. ಏನೂ ಕೇಳದೆ ಕೈಗೊಂದು ಸ್ಟೀಲ್ ಲೋಟ ಕೊಟ್ಟರು. ಬೆಲ್ಲದ ಕಾಫಿ.

ನಾನು ಸಿಹಿ ಬಿಟ್ಟು 18 ದಿನ ಆಗಿತ್ತು.

ಕುಡಿದೆ. ಪೂರ್ತಿ ಕುಡಿದೆ. ತಳದಲ್ಲಿ ಕರಗದ ಒಂದು ಚೂರು ಬೆಲ್ಲ, ಕಾಫಿ ಚರಟದ ಜೊತೆ ಅಂಟಿಕೊಂಡು ಕೂತಿತ್ತು. ಅದನ್ನೂ ಬೆರಳಲ್ಲಿ ತೆಗೆದು ಬಾಯಿಗಿಟ್ಟೆ. ಎಷ್ಟು ರುಚಿ!

ಮೊದಲಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. 'ನಿನ್ನ ಕೈಲಿ ಆಗಲ್ಲ' ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಹೇಗೂ ಕೆಟ್ಟಿತಲ್ಲ ಅಂತ ಸಂಜೆ ಬೇಕರಿಗೂ ಹೋಗುತ್ತಿದ್ದೆ. ಬೈಗುಳ ನನ್ನನ್ನು ಒಂದು ದಿನವೂ ಗಟ್ಟಿ ಮಾಡಿಲ್ಲ. ಸುಮ್ನೆ ಸುಸ್ತು ಮಾಡಿದೆ, ಅಷ್ಟೇ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರ ಹೊಸ ಅಭ್ಯಾಸಗಳನ್ನು ಗಮನಿಸಿದ್ದರು. 2010ರಲ್ಲಿ ಅಚ್ಚಾದ ಲೇಖನ. ಅಭ್ಯಾಸ ಮೈಗೂಡಲು ನಡುವಿನ ಲೆಕ್ಕ 66 ದಿನ. ಕೆಲವರಿಗೆ ತುಂಬಾ ಜಾಸ್ತಿ. ಆದರೆ ನನಗೆ ಹಿಡಿಸಿದ್ದು ಬೇರೆ ಮಾತು: ಮಧ್ಯೆ ಒಂದು ದಿನ ತಪ್ಪಿದರೆ ಕಟ್ಟಿದ್ದೆಲ್ಲ ಕುಸಿಯುವುದಿಲ್ಲವಂತೆ.

ಬೇರೆಯವರು ತಪ್ಪಿದರೆ 'ಪರವಾಗಿಲ್ಲ ಬಿಡು' ಅನ್ನುತ್ತೇವೆ ಅಲ್ವಾ? ಇವತ್ತು ಅದನ್ನೇ ನನಗೂ ಹೇಳಿಕೊಂಡೆ.

"ಇನ್ನೊಂದು ಲೋಟ ಕೊಡ್ಲಾ?" ದೊಡ್ಡಮ್ಮ ಕೇಳಿದರು.

"ಸಾಕು ದೊಡ್ಡಮ್ಮ."

ಕಷ್ಟಪಡದೆ ಬಂತು ಆ ಮಾತು.

ಮಳೆ ಇನ್ನೂ ನಿಂತಿಲ್ಲ. ನಾಳೆ ಬೆಳಗ್ಗೆ ಸಿಹಿ ಇಲ್ಲದ ಕಾಫಿ. ಲೆಕ್ಕ ಒಂದರಿಂದ ಶುರು ಮಾಡುವುದಿಲ್ಲ. ನಾಳೆ 20.