ಡಬ್ಬಿಗೆ ಸರ್ಟಿಫಿಕೇಟ್ ಇದ್ದರೆ ಸಾಲದು: ವೈರ್‌ಲೆಸ್ ಫಿಟ್ಟಿಂಗ್ ಕೆಲಸದಲ್ಲಿ ಕಲಿತದ್ದು

ವೈಫೈ ರೂಟರ್ ತಿರುಗಿಸಿ ನೋಡಿದರೆ ತಳದಲ್ಲಿ ಒಂದು ಸ್ಟಿಕರ್ ಇರುತ್ತದೆ. ಹೆಚ್ಚಿನವರು ಅದನ್ನು ನೋಡುವುದು ಪಾಸ್‌ವರ್ಡ್ ಬೇಕಾದಾಗ ಮಾತ್ರ. ನಮ್ಮ ಕೆಲಸದಲ್ಲಿ ಅದನ್ನು ಮೊದಲು ಓದಬೇಕು, ಪೂರ್ತಿ ಓದಬೇಕು.

ನಾನು ದಾವಣಗೆರೆಯಲ್ಲಿ ಇಂಟರ್ನೆಟ್ ಲೈನ್, ವೈರ್‌ಲೆಸ್ ಲಿಂಕ್ (ತಂತಿ ಇಲ್ಲದೆ ಒಂದು ಆಂಟೆನಾದಿಂದ ಇನ್ನೊಂದಕ್ಕೆ ನೆಟ್ ಕಳಿಸುವುದು) ಹಾಕುವ ಕೆಲಸ ಮಾಡುತ್ತೇನೆ. ಊರೊಳಗೆ ಅಂಗಡಿ, ಮನೆ, ಹಾಸ್ಟೆಲ್. ಹೊರಗೆ ಹರಿಹರದ ಕಡೆ ರೈಸ್ ಮಿಲ್, ಚನ್ನಗಿರಿ ಕಡೆ ಅಡಿಕೆ ತೋಟ, ಚಿತ್ರದುರ್ಗ ದಾಟಿ ಚಳ್ಳಕೆರೆ ಕಡೆ ತೋಟದ ಮನೆಗಳು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದು: ಕಂಪನಿಯವರು ಲ್ಯಾಬಿನಲ್ಲಿ ಟೆಸ್ಟ್ ಮಾಡಿಸಿ ಅನುಮತಿ ತಗೊಂಡಿರುವುದು ಒಂದು ಪೂರ್ತಿ ಸೆಟ್ಟಿಗೆ. ಆ ರೇಡಿಯೋ, ಅದಕ್ಕೆ ಹೇಳಿದ ಆಂಟೆನಾ, ಅದರ ಜೊತೆ ಬಂದ ಅಡಾಪ್ಟರ್, ಅದರೊಳಗಿನ ಸೆಟ್ಟಿಂಗ್, ಎಲ್ಲ ಸೇರಿ. ಮಾಳಿಗೆ ಮೇಲೆ ನಿಂತು ನಾವು ಅದರಲ್ಲಿ ಒಂದನ್ನು ಬದಲಿಸಿದೆವು ಅಂದರೆ, ಸ್ಟಿಕರ್ ಹಾಗೇ ಇರುತ್ತದೆ, ಆದರೆ ಅದು ಹೇಳುವ ಮಾತು ಸುಳ್ಳಾಗುತ್ತದೆ.

ನಮ್ಮ ದೇಶದಲ್ಲಿ ಈ ಅನುಮತಿಗಳನ್ನು ಬೇರೆ ಬೇರೆ ಕಡೆಯವರು ನೋಡುತ್ತಾರೆ. ರೇಡಿಯೋ ತರಂಗದ ವಿಷಯ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ್ದು, ಅವರು ಕೊಡುವ ಅನುಮತಿಗೆ ಇಟಿಎ ಅನ್ನುತ್ತಾರೆ. ಕರೆಂಟ್ ಹೊಡೆಯದಂತೆ, ಬೆಂಕಿ ಹತ್ತದಂತೆ ಇರುವ ಸುರಕ್ಷತೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಗೆ ಬರುತ್ತದೆ. 2017ರ ಟೆಲಿಗ್ರಾಫ್ ತಿದ್ದುಪಡಿ ನಿಯಮದ ನಂತರ ಟಿಇಸಿ ಅನ್ನುವ ಇನ್ನೊಂದು ಸಂಸ್ಥೆಯ ಕಡ್ಡಾಯ ಪರೀಕ್ಷೆಯೂ ಹಂತ ಹಂತವಾಗಿ ಬಂತು. ಎಷ್ಟೋ ಗ್ರಾಹಕರು ಸ್ಟಿಕರ್ ಮೇಲೆ ಸಿಇ, ಎಫ್‌ಸಿಸಿ ಅಂತ ಇರುವುದನ್ನು ತೋರಿಸಿ "ಇದೆಯಲ್ಲ ಸರ್" ಅನ್ನುತ್ತಾರೆ. ಸಿಇ ಯುರೋಪಿನದು, ಎಫ್‌ಸಿಸಿ ಅಮೆರಿಕದ್ದು. ಅವೆರಡೇ ಇದ್ದು ನಮ್ಮ ಗುರುತು ಇಲ್ಲದ ಮಾಲು ಬಂದರೆ ಅದನ್ನು ನಾನು ಹಾಕುವುದಿಲ್ಲ. ಎಷ್ಟು ಕಮ್ಮಿ ರೇಟಿಗೆ ಸಿಕ್ಕಿದ್ದರೂ ಅಷ್ಟೇ.

ಈಗ ಅಡಾಪ್ಟರ್ ವಿಷಯಕ್ಕೆ ಬರೋಣ. ಜನ ಹಗುರವಾಗಿ ತಗೊಳ್ಳುವುದು ಇದನ್ನೇ, ನನಗೆ ಜಾಸ್ತಿ ಭಯ ಇರುವುದೂ ಇದರ ಮೇಲೆಯೇ. ಊರಿನ ಒಂದು ಮಂಡಕ್ಕಿ ಭಟ್ಟಿಯಿಂದ ಫೋನ್ ಬಂತು. ಬಿಲ್ಲಿಂಗ್ ಕಂಪ್ಯೂಟರ್ ಮುಟ್ಟಿದರೆ ಕೈಗೆ ಜುಂ ಅನ್ನುತ್ತೆ, ನೆಟ್ಟೂ ಹೋಗಿ ಹೋಗಿ ಬರ್ತದೆ ಅಂತ. ಭಟ್ಟಿ ಅಂದ್ರೆ ಗೊತ್ತಲ್ಲ, ಒಲೆಯ ಕಾವು, ಮೇಲೆ ಸಣ್ಣ ಬೂದಿ ಧೂಳು ಎಲ್ಲ ಕಡೆ ಕೂತಿರುತ್ತದೆ. ರೂಟರ್ ಒಲೆಯ ಹಿಂದಿನ ಗೋಡೆಗೆ ಮೊಳೆ ಹೊಡೆದು ನೇತು ಹಾಕಿತ್ತು. ಮನೆ ರೂಟರಿನ ಕಾಗದದಲ್ಲಿ ಸಾಮಾನ್ಯವಾಗಿ 0ಯಿಂದ 40 ಡಿಗ್ರಿ ಒಳಗೆ ಇಡಿ ಅಂತ ಬರೆದಿರುತ್ತಾರೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮೂರಿನ ನೆರಳೇ ಅದರ ಹತ್ತಿರ ಹೋಗುತ್ತದೆ, ಇನ್ನು ಒಲೆಯ ಗೋಡೆ ಕೇಳಬೇಕಾ. ಮೊದಲು ಕಂಪ್ಯೂಟರಿನ ಅರ್ಥಿಂಗ್ ಇಲ್ಲ ಅಂದುಕೊಂಡು ಸಾಕೆಟ್ ನೋಡಿದೆ, ಆಮೇಲೆ ಲ್ಯಾನ್ ಕೇಬಲ್ ಕಿತ್ತೆ. ಕಿತ್ತ ಕೂಡಲೇ ಜುಂ ನಿಂತಿತು. ಅಂದರೆ ಕರೆಂಟ್ ಬರುತ್ತಿದ್ದುದು ರೂಟರ್ ಕಡೆಯಿಂದ.

ರೂಟರಿನ ಜೊತೆ ಬಂದ ಅಡಾಪ್ಟರ್ ಸುಟ್ಟು ಹೋಗಿ, ಯಾರೋ ಸಂತೆಯಲ್ಲಿ ಸಿಗುವ ಒಂದನ್ನು ಹಾಕಿದ್ದರು. ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯಷ್ಟು ಹಗುರ. ಯಜಮಾನರು "ತಮ್ಮಾ, ಹನ್ನೆರಡು ವೋಲ್ಟ್ ಅಂತ ಬರ್ದೈತಲ್ಲಪ್ಪಾ, ಇನ್ನೇನ್ ಬೇಕು?" ಅಂದರು. ಅವರ ಮುಂದೆಯೇ ಬಿಚ್ಚಿ ತೋರಿಸಿದೆ. ಒಳ್ಳೆಯ ಅಡಾಪ್ಟರಿನ ಬೋರ್ಡಿನಲ್ಲಿ 230 ವೋಲ್ಟಿನ ಭಾಗಕ್ಕೂ 12 ವೋಲ್ಟಿನ ಭಾಗಕ್ಕೂ ನಡುವೆ ಕೆಲವು ಮಿಲಿಮೀಟರ್ ಜಾಗ ಖಾಲಿ ಬಿಟ್ಟಿರುತ್ತಾರೆ, ಕೆಲವದರಲ್ಲಿ ಬೋರ್ಡನ್ನೇ ಅಲ್ಲಿ ಸೀಳಿರುತ್ತಾರೆ. ಇದರಲ್ಲಿ ಎರಡೂ ಭಾಗದ ತಾಮ್ರದ ಗೆರೆ ಕೂದಲೆಳೆ ಅಂತರದಲ್ಲಿ ಹೋಗಿದ್ದವು, ಮೇಲೆ ಬೂದಿ. ಎರಡು ಕಡೆಗೆ ಸೇತುವೆಯಂತೆ ಕೂರುವ ಕೆಪಾಸಿಟರ್ ಸುರಕ್ಷತೆಗೆಂದೇ ಮಾಡಿದ ಬೇರೆ ಜಾತಿಯದು ಇರಬೇಕು, ಇಲ್ಲಿ ಸಾಮಾನ್ಯ ಕೆಪಾಸಿಟರ್. ಅದು ಒಂದು ಸಲ ಶಾರ್ಟ್ ಆದರೆ ಮನೆಯ ಕರೆಂಟ್ ರೂಟರಿಗೆ, ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿನ ತಗಡಿಗೂ ಬರಬಹುದು. ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದುದು ಯಜಮಾನರ ಮಗಳು. ಆಮೇಲೆ ಅವರು ಒಂದು ಮಾತೂ ಆಡಲಿಲ್ಲ, ಆ ದಿನವೇ ಸರಿಯಾದ ಅಡಾಪ್ಟರ್ ತರಿಸಿದರು, ರೂಟರ್ ಆಫೀಸ್ ರೂಮಿಗೆ ಹೋಯಿತು.

ನೀವು ಮನೆಯಲ್ಲೇ ನೋಡಬಹುದು. ಅಡಾಪ್ಟರ್ ಮೇಲೆ ಬಿಐಎಸ್ ಗುರುತು ಇರಬೇಕು, ಐಎಸ್ 13252 ಅಂತ ಇರಬೇಕು (ಹೊಸ ಮಾಲಿನಲ್ಲಿ ಐಎಸ್/ಐಇಸಿ 62368 ಅಂತಲೂ ಬರುತ್ತಿದೆ), ಅದರ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿ, ಯಾವ ವಸ್ತು ಅಂತ ತೋರಿಸುತ್ತದೆ. ಸುಮ್ನೆ ಗುರುತು ಅಚ್ಚು ಹಾಕಿದ ನಕಲಿ ಮಾಲು ಅಲ್ಲಿ ಸಿಕ್ಕಿಬೀಳುತ್ತದೆ.

ಪಿಒಇ ಬಗ್ಗೆ ಒಂದೆರಡು ಮಾತು. ಡಿಷ್ ರೇಡಿಯೋಗಳಿಗೆ ಕರೆಂಟ್ ಲ್ಯಾನ್ ಕೇಬಲಿನಲ್ಲೇ ಹೋಗುತ್ತದೆ, ಅದಕ್ಕೇ ಪಿಒಇ ಅನ್ನುವುದು. 802.3ಎಎಫ್ ಅನ್ನುವ ಸ್ಟ್ಯಾಂಡರ್ಡ್ ಪ್ರಕಾರದ ಪಿಒಇ ಮೊದಲು ಆ ಕಡೆ ಯಾರಿದ್ದಾರೆ ಅಂತ ಸಣ್ಣ ವೋಲ್ಟೇಜಿನಲ್ಲಿ ಕೇಳಿ ನೋಡಿ ಆಮೇಲೆ 48 ವೋಲ್ಟ್ ಬಿಡುತ್ತದೆ. ಪ್ಯಾಸಿವ್ ಪಿಒಇ ಏನನ್ನೂ ಕೇಳುವುದಿಲ್ಲ, ಯಾವಾಗಲೂ ಕೇಬಲಿನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಕೇಬಲಿಗೆ ಕರೆಂಟ್ ಸೇರಿಸುವ ಡಬ್ಬಿಗೆ ಇಂಜೆಕ್ಟರ್ ಅನ್ನುತ್ತಾರೆ, ಎಲ್ಲ ಇಂಜೆಕ್ಟರ್ ನೋಡಲು ಒಂದೇ ಥರ, ಕಪ್ಪು ಡಬ್ಬಿ ಎರಡು ತೂತು. 24 ವೋಲ್ಟಿನ ರೇಡಿಯೋಗೆ 48ರ ಪ್ಯಾಸಿವ್ ಚುಚ್ಚಿದರೆ ರೇಡಿಯೋ ಹೋಯಿತು. ಹಾಗಾಗಿ ಪ್ರತಿ ಇಂಜೆಕ್ಟರ್ ಮೇಲೂ ಮಾರ್ಕರಿನಲ್ಲಿ ದೊಡ್ಡದಾಗಿ ವೋಲ್ಟೇಜ್ ಬರೆಸುತ್ತೇನೆ.

ಇನ್ನು ಪವರ್. ಲಿಂಕ್ ಸರಿಯಾಗಿ ಬರುತ್ತಿಲ್ಲ ಅಂದ ಕೂಡಲೇ ಎಲ್ಲರ ಕೈ ಹೋಗುವುದು ಪವರ್ ಜಾಸ್ತಿ ಮಾಡುವ ಕಡೆಗೆ. ನಮ್ಮಲ್ಲಿ 2.4 ಗಿಗಾಹರ್ಟ್ಜ್ ಬ್ಯಾಂಡನ್ನು 2005ರ ನಿಯಮ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದೆ. ಆದರೆ ಷರತ್ತು ಇದೆ: ರೇಡಿಯೋದಿಂದ 1 ವ್ಯಾಟ್, ಆಂಟೆನಾ ಸೇರಿ ಒಟ್ಟು 4 ವ್ಯಾಟ್ ದಾಟಬಾರದು, ಆಂಟೆನಾ ಕಟ್ಟಡದ ಮಾಳಿಗೆಯಿಂದ 5 ಮೀಟರ್ ಒಳಗಿರಬೇಕು. 2018ರಲ್ಲಿ 5 ಗಿಗಾಹರ್ಟ್ಜ್ ಭಾಗದಲ್ಲಿ 605 ಮೆಗಾಹರ್ಟ್ಜ್ ಜಾಗ ಬಿಟ್ಟುಕೊಟ್ಟರು. ನಾವು ಹೊರಗಿನ ಲಿಂಕಿಗೆ ಹೆಚ್ಚಾಗಿ ಬಳಸುವ 5.8ರ ಕಡೆಯಲ್ಲೂ ಒಟ್ಟು ಮಿತಿ 4 ವ್ಯಾಟೇ. ಡಿಬಿಎಂ, ಅಂದರೆ ಸಿಗ್ನಲಿನ ಪವರ್ ಅಳೆಯುವ ಇನ್ನೊಂದು ಲೆಕ್ಕದಲ್ಲಿ ಅದು 36, 1 ವ್ಯಾಟ್ ಅಂದರೆ 30.

ಹುಡುಗರು ಎಡವುವುದು ಇಲ್ಲೇ. ರೇಡಿಯೋ 1 ವ್ಯಾಟ್ ಕೊಡುತ್ತದೆ ಅಂತ ಪೂರ್ತಿ ಬಿಟ್ಟು, ಅದಕ್ಕೆ 24 ಡಿಬಿಐ (ಆಂಟೆನಾ ಸಿಗ್ನಲನ್ನು ಒಂದೇ ಕಡೆಗೆ ಎಷ್ಟು ಒಟ್ಟುಗೂಡಿಸುತ್ತದೆ ಅನ್ನುವ ಅಳತೆ) ಡಿಷ್ ಕಟ್ಟಿದರೆ 30 ಮತ್ತು 24 ಕೂಡಿ 54 ಡಿಬಿಎಂ ಆಗುತ್ತದೆ, ಅಂದರೆ 250 ವ್ಯಾಟ್‌ಗೂ ಜಾಸ್ತಿ. 24ರ ಡಿಷ್ ಇದ್ದರೆ ರೇಡಿಯೋವನ್ನು 12 ಡಿಬಿಎಂಗೆ ಇಳಿಸಬೇಕು. ಅಷ್ಟರಲ್ಲಿ ಲಿಂಕ್ ಆಗುತ್ತಾ ಅಂತ ಕೇಳಿದರೆ, ಆಗುತ್ತದೆ, ಲೆಕ್ಕ ಹಾಕಿ ನೋಡಿ. 2 ಕಿಲೋಮೀಟರಿಗೆ 5.8ರಲ್ಲಿ ಗಾಳಿಯಲ್ಲಿ ಕಳೆದುಹೋಗುವುದು ಸುಮಾರು 114 ಡಿಬಿ. 36ರಲ್ಲಿ ಅದನ್ನು ಕಳೆದು, ಆ ಕಡೆಯ ಡಿಷ್‌ನ 24 ಕೂಡಿಸಿದರೆ ಮೈನಸ್ 54ರ ಆಸುಪಾಸು. ಅದು ಬಹಳ ಒಳ್ಳೆಯ ಸಿಗ್ನಲ್, ಮೈನಸ್ ನಂಬರ್ ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಗಟ್ಟಿ. ನಿಮಗೆ ಮೈನಸ್ 75 ಬರುತ್ತಿದೆ ಅಂದರೆ ದಾರಿಯಲ್ಲಿ ಏನೋ ಅಡ್ಡ ಇದೆ, ಇಲ್ಲವೇ ಡಿಷ್ ಮುಖ ತಪ್ಪಿದೆ.

ಚನ್ನಗಿರಿ ಕಡೆ ಒಂದು ತೋಟದಲ್ಲಿ ಕ್ಯಾಮೆರಾಕ್ಕೆ ಹಾಕಿದ್ದ ಲಿಂಕ್ ಮಳೆಗಾಲದಲ್ಲಿ ಬಿದ್ದುಹೋಗುತ್ತಿತ್ತು. ಡಿಷ್‌ನಿಂದ ಡಿಷ್ ಕಾಣಿಸುತ್ತಿತ್ತು, ಆದರೂ ಬರುತ್ತಿರಲಿಲ್ಲ. ತರಂಗಕ್ಕೆ ನೇರ ಗೆರೆ ಒಂದೇ ಸಾಲದು, ಗೆರೆಯ ಸುತ್ತಲೂ ಜಾಗ ಬೇಕು. 2 ಕಿಲೋಮೀಟರ್ ಲಿಂಕಿನ ಮಧ್ಯದಲ್ಲಿ ಆ ಜಾಗ ಸುಮಾರು 5 ಮೀಟರ್, ಅದರಲ್ಲಿ ಕನಿಷ್ಠ 3 ಮೀಟರ್ ಖಾಲಿ ಇರಲೇಬೇಕು. ಅಡಿಕೆ ಸೋಗೆ ಗೆರೆಯ ಕೆಳಗೇ ಇತ್ತು, ನೀರು ಹಿಡಿದ ಸೋಗೆ ಸಿಗ್ನಲ್ ನುಂಗುತ್ತಿತ್ತು. ಪವರ್ ಮುಟ್ಟಲಿಲ್ಲ, ಡಿಷ್ಷನ್ನು ಪಂಪ್ ಮನೆಯಿಂದ ತೆಗೆದು ಮನೆಯ ಮಾಳಿಗೆಗೆ ಹಾಕಿದೆವು, ಸರಿಹೋಯಿತು.

ಇದರ ಜೊತೆಗೇ ಬರುವುದು ಕಂಟ್ರಿ ಸೆಟ್ಟಿಂಗ್. "ಅಣ್ಣಾ, ಇಂಡಿಯಾ ತೆಗೆದು ಬೇರೆ ದೇಶ ಹಾಕಿದ್ರೆ ಚಾನೆಲ್ ಜಾಸ್ತಿ ಸಿಗ್ತವೆ, ಹಾಕಿಬಿಡ್ಲಾ?" ಅಂತ ಕೇಳದ ಹುಡುಗನಿಲ್ಲ. ಬೇಡ. ಆ ಸೆಟ್ಟಿಂಗಿನ ಹಿಂದೆ ಪವರ್ ಮಿತಿ ಇದೆ, ಚಾನೆಲ್ ಪಟ್ಟಿ ಇದೆ, ಅದಕ್ಕಿಂತ ಮುಖ್ಯವಾಗಿ ಡಿಎಫ್‌ಎಸ್, ಅಂದರೆ ರೇಡಾರ್ ಕಂಡರೆ ಚಾನೆಲ್ ಬಿಟ್ಟುಕೊಡುವ ವ್ಯವಸ್ಥೆ ಇದೆ. 5 ಗಿಗಾಹರ್ಟ್ಜ್‌ನ ಮಧ್ಯದ ಚಾನೆಲ್‌ಗಳಲ್ಲಿ ಹವಾಮಾನದ ರೇಡಾರ್, ಸೇನೆಯ ರೇಡಾರ್ ನಮಗಿಂತ ಮೊದಲೇ ಇವೆ. ಹಾಗಾಗಿ ರೇಡಿಯೋ ಆ ಚಾನೆಲ್ ಬಳಸುವ ಮೊದಲು ಕನಿಷ್ಠ 60 ಸೆಕೆಂಡ್ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ನಡುವೆ ರೇಡಾರ್ ಸಿಕ್ಕರೆ ಜಾಗ ಬಿಟ್ಟು ಬೇರೆ ಚಾನೆಲ್‌ಗೆ ಹೋಗುತ್ತದೆ, 30 ನಿಮಿಷ ಆ ಕಡೆ ತಿರುಗಿ ನೋಡುವುದಿಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ 2017ರಲ್ಲಿ ಶುರುವಾಗಿದೆ. ಪೈಲಟ್ ಇಲ್ಲದ ವಿಮಾನ ಪರೀಕ್ಷಿಸುವ ಜಾಗ ಅದು. ಅಂಥ ಕಡೆ ಕೂತು, ಯೂಟ್ಯೂಬ್ ಓಡಲಿ ಅಂತ ಡಿಎಫ್‌ಎಸ್ ಆಫ್ ಮಾಡುವುದು ನನ್ನ ಕಣ್ಣಿಗೆ ಅಪರಾಧವೇ. ಆ ಕಡೆಯ ಲಿಂಕ್‌ಗಳಿಗೆ ಡಿಎಫ್‌ಎಸ್ ಬೇಡದ 5.8ರ ಚಾನೆಲ್ ಹಾಕುತ್ತೇನೆ, ಗ್ರಾಹಕರಿಗೆ ಕಾರಣವನ್ನೂ ಹೇಳುತ್ತೇನೆ. ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ, ಯಾರೂ ಜಗಳ ಆಡಿಲ್ಲ.

ಮನೆಗಳಲ್ಲಿ ಜಾಸ್ತಿ ಕೇಳುವ ಪ್ರಶ್ನೆ ಬೇರೆ. "ರೇಡಿಯೇಶನ್ ಬರುತ್ತಾ, ಮಗು ಮಲಗೋ ರೂಮಲ್ಲಿ ಇಡಬಹುದಾ?" ಈ ಪ್ರಶ್ನೆಯನ್ನು ನಗುತ್ತಾ ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಡಬ್ಬಿಯೊಳಗಿನ ಕಾಗದದಲ್ಲಿ ಸಾಮಾನ್ಯವಾಗಿ ದೇಹದಿಂದ 20 ಸೆಂಟಿಮೀಟರ್ ದೂರ ಇಡಿ ಅಂತ ಇರುತ್ತದೆ, ಅದನ್ನೇ ತೋರಿಸುತ್ತೇನೆ. ರೂಟರ್ 100 ಮಿಲಿವ್ಯಾಟ್ ಬಿಡುತ್ತದೆ ಅಂದುಕೊಂಡರೆ 20 ಸೆಂಟಿಮೀಟರಿನಲ್ಲಿ ಚದರ ಮೀಟರಿಗೆ ಸುಮಾರು 0.2 ವ್ಯಾಟ್, 1 ಮೀಟರ್ ದೂರ ಹೋದರೆ 0.008. ಸಾರ್ವಜನಿಕರಿಗೆ ಅಂತರರಾಷ್ಟ್ರೀಯ ಮಿತಿ ಚದರ ಮೀಟರಿಗೆ 10 ವ್ಯಾಟ್. ಮೊಬೈಲ್ ಟವರ್‌ಗಳಿಗೆ ನಮ್ಮ ದೇಶ 2012ರಿಂದ ಅದರ ಹತ್ತನೇ ಒಂದು ಭಾಗವನ್ನೇ ಮಿತಿ ಮಾಡಿಕೊಂಡಿದೆ. ತೊಟ್ಟಿಲ ಪಕ್ಕ ಬೇಡ, ಹಾಲ್‌ನಲ್ಲಿ ಎತ್ತರಕ್ಕೆ ಹಾಕೋಣ ಅಂತ ಹೇಳುತ್ತೇನೆ, ಅಲ್ಲಿಂದ ಸಿಗ್ನಲ್ಲೂ ಚೆನ್ನಾಗಿ ಹರಡುತ್ತದೆ. ಡಿಷ್ ಮುಂದೆ ಏಣಿ ಹಾಕಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಮಾತ್ರ ನಿಯಮ ಬೇರೆ: ಮೊದಲು ರೇಡಿಯೋ ಆಫ್.

ಅರ್ಥಿಂಗ್ ಬಗ್ಗೆ ಗ್ರಾಹಕರ ಹತ್ತಿರ ವಾದ ಮಾಡಲೇಬೇಕಾಗುತ್ತದೆ. ಮುಂಗಾರು ಹಿಡಿಯುವ ಮೊದಲು ಬರುವ ಗುಡುಗು ಮಳೆಗೆ ಮಾಳಿಗೆ ಮೇಲಿನ ರೇಡಿಯೋಗಳು ಸಾಲಾಗಿ ಹೋಗುತ್ತವೆ. ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಆದರೆ ಮೇಲಿನ ತೂತಿಗೆ ತಂತಿಯೇ ಇರುವುದಿಲ್ಲ. ಮಲ್ಟಿಮೀಟರಿನಲ್ಲಿ ಫೇಸ್‌ಗೂ ಅರ್ಥ್‌ಗೂ 230ರ ಹತ್ತಿರ ಬರಬೇಕು, ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದೆರಡು ವೋಲ್ಟ್ ಮಾತ್ರ. ಅದು ಬರದಿದ್ದರೆ ಶೀಲ್ಡ್ ಕೇಬಲ್ ಎಳೆದೂ ಪ್ರಯೋಜನ ಇಲ್ಲ, ಸರ್ಜ್ ಪ್ರೊಟೆಕ್ಟರ್ ಹಾಕಿಯೂ ಪ್ರಯೋಜನ ಇಲ್ಲ, ಏಕೆಂದರೆ ಎರಡೂ ಕರೆಂಟನ್ನು ಕಳಿಸಬೇಕಾದದ್ದು ಆ ತಂತಿಗೇ. ನೇರ ಸಿಡಿಲಿಗೆ ಇದ್ಯಾವುದೂ ತಡೆಯಲ್ಲ ಅನ್ನುವುದನ್ನೂ ಹೇಳಬೇಕು. ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲಿನಿಂದ ಕೇಬಲಿನಲ್ಲಿ ಏಳುವ ವೋಲ್ಟೇಜಿಗೆ ಮಾತ್ರ ಇದು.

ಎಲ್ಲಕ್ಕಿಂತ ಗಟ್ಟಿಯಾಗಿ ನಾನು ನಿಲ್ಲುವುದು ಕರೆಂಟ್ ಲೈನ್ ಹತ್ತಿರದ ಪೈಪಿನ ವಿಷಯದಲ್ಲಿ. ನಿಯಮದ ಪ್ರಕಾರ ಕಟ್ಟಡಕ್ಕೂ 11 ಕೆವಿ (11 ಸಾವಿರ ವೋಲ್ಟ್) ತಂತಿಗೂ ಪಕ್ಕದಲ್ಲಿ 1.2 ಮೀಟರ್, ಮೇಲೆ 3.7 ಮೀಟರ್ ಅಂತರ ಇರಬೇಕು. ನಮ್ಮ ಕಬ್ಬಿಣದ ಪೈಪ್ 3 ಮೀಟರ್ ಉದ್ದ. ನಿಲ್ಲಿಸಿದ ಮೇಲೆ ದೂರ ಇದ್ದರೂ, ಎತ್ತುವಾಗ ಕೈ ಜಾರಿ ವಾಲಿದರೆ ಎಲ್ಲಿಗೆ ಬೀಳುತ್ತದೆ ಅನ್ನುವುದೇ ಲೆಕ್ಕ. ಪೈಪಿನ ಪೂರ್ತಿ ಉದ್ದದಷ್ಟು ದೂರ, ಅದರ ಮೇಲೆ ಇನ್ನೂ ಒಂದಷ್ಟು ಇಲ್ಲದಿದ್ದರೆ ನಾವು ಪೈಪ್ ಎತ್ತುವುದಿಲ್ಲ. ಡಿಷ್ಷಿನ ಕಾಗದದಲ್ಲೂ ಇದೇ ಎಚ್ಚರಿಕೆ ಮೊದಲ ಪುಟದಲ್ಲಿರುತ್ತದೆ, ತಂತಿಗೆ ಮುಟ್ಟಿದ ಪೈಪ್ ಹಿಡಿದವರು ಬದುಕುವುದು ಕಷ್ಟ.

ಹಳೇ ಪೇಟೆ ಕಡೆಯ ಒಂದು ಗೋಡೌನಿನಲ್ಲಿ ಸಿಗ್ನಲ್ ಸಿಗುತ್ತಿದ್ದುದು ಒಂದೇ ಮೂಲೆಯಲ್ಲಿ, ಆ ಮೂಲೆಯ ಪಕ್ಕದಲ್ಲೇ 11 ಕೆವಿ ಲೈನ್. ಮಾಲೀಕರು ಬಹಳ ಒತ್ತಾಯ ಮಾಡಿದರು. "ಐದು ನಿಮಿಷದ ಕೆಲಸ, ಲೈನ್ ತೆಗೆಸ್ತೀನಿ ಬೇಕಾದ್ರೆ" ಅಂದರು. ಹಾಕುವಾಗ ಲೈನ್ ತೆಗೆಸಬಹುದು, ಆಮೇಲೆ ಗಾಳಿ ಬಂದು ಕ್ಲಾಂಪ್ ಸಡಿಲಾದ ದಿನ ಯಾರು ತೆಗೆಸುತ್ತಾರೆ? ಒಪ್ಪಲಿಲ್ಲ. ಎರಡು ಕಟ್ಟಡದಾಚೆ ಇನ್ನೊಂದು ಗೋಡೌನಿನವರ ಹತ್ತಿರ ಅವರೇ ಮಾತಾಡಿದರು, ಆ ಮಾಳಿಗೆಗೆ ಡಿಷ್ ಹಾಕಿ, ಅಲ್ಲಿಂದ ಇವರಿಗೆ ಸಣ್ಣ ಆಂಟೆನಾದಲ್ಲಿ ಕೊಟ್ಟೆವು. ಖರ್ಚು ಸ್ವಲ್ಪ ಜಾಸ್ತಿಯಾಯಿತು, ಒಂದು ರೇಡಿಯೋ ಹೆಚ್ಚಿಗೆ ಬೇಕಾಯಿತು. ಲಿಂಕ್ ಈಗಲೂ ಓಡುತ್ತಿದೆ.