ನಾಲ್ವರು ವೀರರು, ಐದು ಭಾನುವಾರ

ಮೊದಲ ಭಾನುವಾರ

ಭಾನುವಾರ ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಒಬ್ಬೊಬ್ಬರು ಒಬ್ಬ ವೀರನಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. ಕಥೆ ಹೇಳಿ ಆಟ ನಡೆಸುವವನು ನಾನು. ಈ ಲೆಕ್ಕ ಶುರುವಾದದ್ದು ಒಂದು ಮಾತಿನಿಂದ. "ಬೇರೇನೂ ಹೊಳೆಯದವರು ಫೈಟರ್ ಆಡುತ್ತಾರೆ" ಎಂದ ಮಂಡ್ಯದಿಂದ ರೈಲಿನಲ್ಲಿ ಬರುವ ಗೆಳೆಯ. ಅವನದು ಬಾರ್ಬೇರಿಯನ್. ಫೈಟರ್ ಆಡುವ ನನ್ನ ಚಿಕ್ಕಪ್ಪನ ಮಗ ಆ ಸಂಜೆಯೆಲ್ಲ ಮುಖ ಊದಿಸಿಕೊಂಡೇ ದಾಳ ಉರುಳಿಸಿದ. ಕಥೆಯನ್ನು ಅಲ್ಲಿಗೇ ನಿಲ್ಲಿಸಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ನಿಯಮ, ಎಲ್ಲರೂ ಐದನೇ ಹಂತ. ಪಳಗಿದ ಯೋಧ ಫೈಟರ್, ಕೋಪದಿಂದ ಕಾದುವ ಬಾರ್ಬೇರಿಯನ್, ದೈವಬಲದ ಪಾಲಡಿನ್, ಬಿಲ್ಲು ಹಿಡಿದ ರೇಂಜರ್ ನಾಲ್ವರನ್ನೂ ಬೇರೆ ಬೇರೆ ಬಗೆಯ ಸಂಕಟಕ್ಕೆ ತಳ್ಳಿ ಲೆಕ್ಕ ಬರೆದಿಡುವುದೆಂದು ತೀರ್ಮಾನವಾಯಿತು.

ಆಡುವುದು ಮೈಸೂರಿನ ಸರಸ್ವತಿಪುರಂನ ಚಿಕ್ಕಮ್ಮನ ಮನೆಯ ಮಹಡಿಯಲ್ಲಿ. ಕೆಂಪು ಗಾರೆಯ ನೆಲದ ಮೇಲೆ ಬಳಪದಿಂದ ಚೌಕ ಎಳೆಯುತ್ತೇನೆ, ಒಂದು ಚೌಕಕ್ಕೆ ಐದು ಅಡಿ. ವೀರರೆಂದರೆ ಚೌಕಾಬಾರದ ಕಾಯಿಗಳು, ವೈರಿಗಳೆಂದರೆ ಹುಣಸೆ ಬೀಜ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ಕಟ್ಟುತ್ತ ಕುಳಿತಿದ್ದ ಊರಿದು; ನೆಲದ ಮೇಲೆ ಚೌಕ ಎಳೆದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ನೆಲ ಒರೆಸುವ ದಿನವೊಂದಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಮೊದಲ ನಕ್ಷೆ ಸೋಮವಾರವೇ ಬಕೆಟ್ಟಿಗೆ ಹೋಯಿತು.

ಉಳಿದ ಹೊತ್ತು ಹೆಸರಿನ ಜಗಳದಲ್ಲಿ ಕಳೆಯಿತು. ಬಾರ್ಬೇರಿಯನ್ನನ್ನು ಕನ್ನಡದಲ್ಲಿ 'ಜಟ್ಟಿ' ಎನ್ನೋಣ ಎಂದು ಗೆಳೆಯ ಹಟ ಹಿಡಿದ. ನಾನು ಒಪ್ಪಲಿಲ್ಲ. ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೆನೆಯಿರಿ: ತಲೆ ಬೋಳಿಸಿ, ಕೈಗೆ ವಜ್ರಮುಷ್ಟಿ ತೊಟ್ಟು ಇಳಿದವರು ತಲೆಯಿಂದ ಮೊದಲ ಹನಿ ರಕ್ತ ಕಂಡೊಡನೆ ನಿಲ್ಲುತ್ತಾರೆ. ಅದು ಕೋಪವಲ್ಲ, ಪಳಗಿದ ಕೈ. ಜಟ್ಟಿ ಎಂದರೆ ಫೈಟರ್. ಚಿಕ್ಕಪ್ಪನ ಮಗನ ಮುಖ ಆಗ ಸ್ವಲ್ಪ ಸಡಿಲವಾಯಿತು.

ಎರಡನೇ ಭಾನುವಾರ

ಆರು ನಾಲ್‌ಗಳು. ಕತ್ತೆಕಿರುಬದ ಮುಖ, ಏಟು ತಪ್ಪಿಸುವ ರಕ್ಷೆಯ ಅಂಕ, ಅಂದರೆ ಆರ್ಮರ್ ಕ್ಲಾಸ್, 15; ಪೆಟ್ಟು ತಾಳುವ ಜೀವಬಲ, ಅಂದರೆ ಹಿಟ್ ಪಾಯಿಂಟ್, ತಲಾ 22. ಬಯಲಿನಲ್ಲಿ ನೇರ ಕಾಳಗ.

ಆಟಕ್ಕೆ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದ್ದೆ. ನಮ್ಮ ಫೈಟರ್‌ಗೆ ಇಪ್ಪತ್ತು ಮುಖದ ದಾಳದಲ್ಲಿ 8 ಅಥವಾ ಹೆಚ್ಚು ಬಿದ್ದರೆ ಏಟು ತಗಲುತ್ತದೆ, ಅಂದರೆ ನೂರಕ್ಕೆ 65. ಎರಡು ಕೈಯ ಕತ್ತಿ, ಒಂದು ಸರದಿಗೆ ಎರಡು ಏಟು, ಸರಾಸರಿ ಪೆಟ್ಟು 15. ಬಾರ್ಬೇರಿಯನ್ ಮುಂದೆ ಹಿಂದೆ ನೋಡದೆ ನುಗ್ಗಿದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಹಿಡಿಯಬಹುದು, ಕೋಪದ ಎರಡು ಅಂಕ ಬೇರೆ; ಅವನ ಸರಾಸರಿ 23. ಸಾಲದೆಂಬಂತೆ ಕೋಪದಲ್ಲಿರುವಾಗ ಕತ್ತಿ, ಈಟಿ, ದೊಣ್ಣೆಗಳ ಏಟು ಅವನಿಗೆ ಅರ್ಧವೇ ತಾಗುತ್ತದೆ. ಅವನ 55 ಹಿಟ್ ಪಾಯಿಂಟ್ ನಾಲ್‌ಗಳ ಮುಂದೆ 110 ಇದ್ದ ಹಾಗೆ. ಫೈಟರ್‌ನದು 44.

ನೆಲದ ಮೇಲೂ ಹಾಗೆಯೇ ಆಯಿತು. ನುಗ್ಗಿದವನ ಮೇಲೆ ವೈರಿಗಳಿಗೂ ಎರಡು ದಾಳದ ಲಾಭ ಸಿಗುತ್ತದೆ, ಮೈತುಂಬ ಏಟು ತಿಂದ. ಆದರೂ ನಿಂತೇ ಇದ್ದ. ಪಾಲಡಿನ್ ಆಡುವ ಹುಡುಗಿ ಒಂದು ಏಟು ತಗಲಿದ ಮೇಲೆ "ಇದಕ್ಕೆ ದೈವಬಲ" ಎಂದು ಎಂಟು ಮುಖದ ದಾಳ ಮೂರನ್ನು ಸುರಿದಳು. ನಾಲ್ ಇದ್ದ ಚೌಕ ಖಾಲಿ. ಮಂಡ್ಯದ ಗೆಳೆಯ ಗೆದ್ದವನಂತೆ ನಗುತ್ತ ರೈಲಿಗೆ ಹೊರಟ.

ಮೂರನೇ ಭಾನುವಾರ

ಪಾಂಡವಪುರದ ಕುಂತಿ ಬೆಟ್ಟ ಹತ್ತಿದ್ದಾಗ ಬರೆದುಕೊಂಡಿದ್ದ ಬಂಡೆಗಳ ಚಿತ್ರವೇ ಈ ಸಲದ ನಕ್ಷೆ. ಬಂಡೆಯ ಆಚೆ ಮೂವತ್ತು ಅಡಿ ಕಣಿವೆ, ಅದರಾಚೆ ಗಾಳಿಯಲ್ಲಿ ಹಾಡುವ ಎರಡು ಹಾರ್ಪಿ, ಅಂದರೆ ಹಕ್ಕಿ ಮೈಯ ರಾಕ್ಷಸಿಯರು.

ಹಾಡು ಕೇಳಿದವನನ್ನು ತನ್ನತ್ತ ಎಳೆಯುತ್ತದೆ; ತೋಳಿನ ಬಲಕ್ಕೆ ಇಲ್ಲಿ ಬೆಲೆಯಿಲ್ಲ. ಮನಸ್ಸು ತಡೆಯಬೇಕು, ದಾಳ 11 ಮುಟ್ಟಬೇಕು. ಫೈಟರ್, ಬಾರ್ಬೇರಿಯನ್ ಇಬ್ಬರಿಗೂ ಅದರಲ್ಲಿ ತರಬೇತಿಯಿಲ್ಲ. ಪಾಲಡಿನ್‌ಗೆ ಇದೆ. ಗೆಳೆಯ ಕೋಪ ಏರಿಸಿಕೊಂಡು ಒಂದು ಭರ್ಜಿ ಎಸೆದ. ಹಾಡು ಬಂತು: 4. ಕಾಯಿ ಎಂಟು ಚೌಕ ಬಂಡೆಯ ಮೇಲೆ ತಾನಾಗಿ ನಡೆಯಿತು. ಆ ಸರದಿಯಲ್ಲಿ ಹೊಡೆಯಲಿಲ್ಲ, ಹೊಡೆಸಿಕೊಳ್ಳಲೂ ಇಲ್ಲ, ಹಾಗಾಗಿ ಕೋಪ ಆರಿತು. ಮತ್ತೆ ದಾಳ: 9. ಅಂಚಿನಲ್ಲಿ ಕೊನೆಯ ಅವಕಾಶ: 7. ಕಾಯಿಯನ್ನು ನಾನೇ ಎತ್ತಿ ಕಣಿವೆಯ ಗೆರೆಯ ಆಚೆ ಮಲಗಿಸಿದೆ. ಬಿದ್ದ ಪೆಟ್ಟು 13, ಕೋಪವಿದ್ದಿದ್ದರೆ ಅರ್ಧ. ಯಾರೂ ಮಾತಾಡಲಿಲ್ಲ, ಚಿಕ್ಕಪ್ಪನ ಮಗ ಮಾತ್ರ ಕೆಮ್ಮಿದ.

ಅವನ ಫೈಟರ್ ಹಾಡಿಗೆ ಬೀಳಲಿಲ್ಲ, ಆದರೆ ಮಾಡಿದ್ದೂ ಅಷ್ಟಕ್ಕಷ್ಟೆ. ಕತ್ತಿ ಎಟುಕದು. ಸರದಿಗೆ ಎರಡು ಏಟು ಇದ್ದರೂ ಬೆನ್ನಿನಿಂದ ಪುಕ್ಕಟೆಯಾಗಿ ಸೆಳೆಯಲು ಬರುವುದು ಒಂದೇ ಭರ್ಜಿ ಎಂಬ ನಿಯಮ ಆಗ ನೆನಪಾಯಿತು. ಕಾಳಗ ಮುಗಿಸಿದ್ದು ರೇಂಜರ್‌ನ ಬಿಲ್ಲು. ಈ ವರ್ಗವನ್ನು ಗೇಲಿ ಮಾಡುವವರಲ್ಲಿ ನಾನೂ ಒಬ್ಬ. ಯಾವ ನೆಲ, ಯಾವ ವೈರಿ ಎಂದು ಮೊದಲೇ ಆರಿಸಿಕೊಂಡು, ಕಥೆ ಬೇರೆ ಕಡೆ ತಿರುಗಿದರೆ ಆ ಕಸುಬೆಲ್ಲ ವ್ಯರ್ಥ. ಆದರೂ ನೂರೈವತ್ತು ಅಡಿ ದೂರಕ್ಕೆ ಗುರಿ ತಪ್ಪದ ಬಾಣಕ್ಕೆ ಆ ದಿನ ಕೈ ಮುಗಿದೆ.

ನಾಲ್ಕನೇ ಭಾನುವಾರ

ಒಡ್ಡೋಲಗ. ಕತ್ತಿ ಹೊರಗೆ ಇಟ್ಟು ಒಳಗೆ ಬರಬೇಕು. ಮಾತೆಲ್ಲ ಪಾಲಡಿನ್‌ನದೇ. ಅರ್ಧ ಗಂಟೆಗೆ ಫೈಟರ್ ಮೊಬೈಲ್ ತೆಗೆದ. ತಪ್ಪು ನನ್ನದು. ಬಾಗಿಲ ಕಾವಲಿನವನನ್ನು ಅಲ್ಲಿಯೇ ಗರಡಿಯ ಹಳೆಯ ಪೈಲ್ವಾನನನ್ನಾಗಿ ಮಾಡಿದೆ. ಕಿವಿ ಮುರುಟಿದ ಇಬ್ಬರು ಗರಡಿ ಮಣ್ಣಿನ ಮಾತಿಗೆ ಕೂತರು, ದೊರೆಯ ಗುಟ್ಟು ಹೊರಬಿತ್ತು. ನಿಯಮದಲ್ಲಿ ಫೈಟರ್‌ಗೆ ಇದಾವುದೂ ಬರೆದಿಲ್ಲ. ಆಟ ನಡೆಸುವವನು ಕೊಟ್ಟರೆ ಉಂಟು.

ಐದನೇ ಭಾನುವಾರ

ವಾರವೆಲ್ಲ ಟಿಪ್ಪಣಿ ತಿರುವಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಗೆಳೆಯನ ರೈಲಿನ ಹೊತ್ತಿಗೆ ಮುಗಿಸಬೇಕೆಂದು ನಾವು ದಿನಕ್ಕೆ ಒಂದೇ ಕಾಳಗ ಆಡುತ್ತೇವೆ. ಮುಂದಿನ ವಾರ ಬರುವಷ್ಟರಲ್ಲಿ ಕಥೆಯೊಳಗೆ ಎಲ್ಲರೂ ರಾತ್ರಿ ಮಲಗಿ ಎದ್ದಿರುತ್ತಾರೆ. ಬಾರ್ಬೇರಿಯನ್‌ನ ದಿನದ ಮೂರು ಕೋಪ, ಪಾಲಡಿನ್‌ನ ದೈವಬಲದ ಏಟಿಗೆ ಸುರಿಯುವ ಆರು ಮಂತ್ರಬಲ ಎಲ್ಲ ಮತ್ತೆ ತುಂಬಿ ನಿಂತಿರುತ್ತವೆ. ಇದ್ದದ್ದೆಲ್ಲವನ್ನೂ ಒಮ್ಮೆಗೇ ಸುರಿದುಬಿಡಲು ಅವರಿಗೆ ಯಾವ ಭಯ? ಫೈಟರ್‌ಗೆ ಬೇಕಾದದ್ದು ಒಂದು ಗಂಟೆ ಕುಳಿತು ಉಸಿರು ತೆಗೆದುಕೊಳ್ಳುವಷ್ಟು ವಿರಾಮ, ಅಷ್ಟೇ; ಒಂದು ಸರದಿಗೆ ಏಟು ಇಮ್ಮಡಿಸುವ, ತಾನೇ ಚೇತರಿಸಿಕೊಳ್ಳುವ ಅವನ ಬಲ ಅಷ್ಟಕ್ಕೇ ಮತ್ತೆ ತುಂಬುತ್ತದೆ. ಆ ವಿರಾಮವನ್ನು ನಾನು ಒಂದು ದಿನವೂ ಕೊಟ್ಟಿರಲಿಲ್ಲ.

ಹಾಗಾಗಿ ಈ ಸಲ ಬೆಳಿಗ್ಗೆ ಹತ್ತಕ್ಕೇ ಕರೆದೆ. ಒಂದೇ ಕೋಟೆ, ಮೂರು ಕಾಳಗ, ನಡುವೆ ಎರಡು ಸಣ್ಣ ವಿರಾಮ, ನಿದ್ದೆಯಿಲ್ಲ.

ಮೊದಲ ಕಾಳಗದಲ್ಲಿ ಪಾಲಡಿನ್ ಹಳೆಯ ಅಭ್ಯಾಸದಂತೆ ಆರೂ ಮಂತ್ರಬಲ ಖರ್ಚು ಮಾಡಿದಳು, ಒಟ್ಟು ಹದಿನಾಲ್ಕು ದಾಳ. ನೋಡಲು ಹಬ್ಬ. ಎರಡನೆಯದರಲ್ಲಿ ವೈರಿಗಳು ಬಾಗಿಲು ಹಾಕಿಕೊಂಡು ಒಳಗೆ ಕುಳಿತರು; ಹೊಡೆಯಲು ಯಾರೂ ಇಲ್ಲದೆ ಬಾರ್ಬೇರಿಯನ್‌ನ ಕೋಪ ಆರಿತು, ಬಾಗಿಲು ಮುರಿದ ಮೇಲೆ ಮತ್ತೊಂದು ಏರಿಸಿಕೊಳ್ಳಬೇಕಾಯಿತು. ಅಲ್ಲಿಗೆ ಮೂರೂ ಮುಗಿದವು. ಫೈಟರ್ ಮೂರು ಕಾಳಗದಲ್ಲೂ ಒಂದು ಸರದಿಗೆ ನಾಲ್ಕು ಏಟು ಹಾಕಿದ, ಮೂರು ಬಾರಿಯೂ ತಾನೇ ಚೇತರಿಸಿಕೊಂಡ: 12, 8, 14.

ಮೂರನೇ ಕಾಳಗದ ಬಾಗಿಲಲ್ಲಿ ಗೆಳೆಯ ತನ್ನ ಕಾಯಿಯನ್ನು ಒಂದು ಚೌಕ ಹಿಂದಕ್ಕೆ ಎಳೆದುಕೊಂಡ. "ನೀನು ಮುಂದೆ ನಡೆಯಪ್ಪ, ನಾನು ಹಿಂದೆಯೇ ಇರುತ್ತೇನೆ."

ಚಿಕ್ಕಪ್ಪನ ಮಗ ಉತ್ತರ ಕೊಡಲಿಲ್ಲ. ಕಾಯಿಯನ್ನು ಬಾಗಿಲ ಗೆರೆಯ ಮೇಲೆ ಇಟ್ಟು, ಬೆರಳಿಗೆ ಅಂಟಿದ ಬಳಪವನ್ನು ಪ್ಯಾಂಟಿಗೆ ಒರೆಸಿಕೊಂಡು, ದಾಳ ಕೈಗೆತ್ತಿಕೊಂಡ. ರೇಂಜರ್‌ನ ಬತ್ತಳಿಕೆಯಲ್ಲಿ ಉಳಿದದ್ದು ಮೂರು ಬಾಣ. ಅದರ ಲೆಕ್ಕ ಮುಂದಿನ ಭಾನುವಾರ.